ಎಣ್ಣೆ ಹರಿಯುವ ಗೋಡೆ

ಕಬನೂರದ ಆ ಮನೆಯನ್ನು ಬಸವಣ್ಣೆಪ್ಪ ಗಿರಾಕಿಗಳಿಗೆ ತೋರಿಸುತ್ತಿದ್ದದ್ದು ಚಳಿಗಾಲದಲ್ಲಿ, ಇಲ್ಲವೆ ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಯಾರಾದರೂ ಫೋನ್ ಮಾಡಿದರೆ ಊರಲ್ಲಿಲ್ಲ ಎನ್ನುತ್ತಿದ್ದ. ಇದು ವೃಷಾಲಿಗೆ ತಿಳಿಯುವ ಹೊತ್ತಿಗೆ ಆಗಬೇಕಾದದ್ದೆಲ್ಲ ಆಗಿ ಹೋಗಿತ್ತು.

ಅವಳೂ ಅವಳ ಗಂಡ ಸುಮಿತನೂ ಅತ್ತೆ ಫಕೀರವ್ವನೂ ಆ ಮನೆಗೆ ಮೊದಲ ಸಲ ಕಾಲಿಟ್ಟದ್ದು ಡಿಸೆಂಬರಿನ ಒಂದು ಬೆಳಿಗ್ಗೆ. ಸುಮಿತ ಇಚಲಕರಂಜಿಯ ಮಗ್ಗದ ಕಾರ್ಖಾನೆಯೊಂದರಲ್ಲಿ ಜಾಬರ್. ಕೆಟ್ಟ ಮಗ್ಗಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ವೃಷಾಲಿ ಬಟ್ಟೆಯ ಗೋದಾಮಿನಲ್ಲಿ ಮೆಂಡಿಂಗ್‌ಗೆ ಹೋಗುತ್ತಿದ್ದಳು. ಮಗ್ಗದಿಂದ ಬಂದ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಗಂಟು ಎಳೆಗಳನ್ನು ಚಿಮಟದಿಂದ ಕಿತ್ತು ತೆಗೆಯುವ ಕೆಲಸ ಅದು. ಫಕೀರವ್ವ ಗಂಡನ ಬೆನ್ನು ಹತ್ತಿ ಗದಗಿನ ಕಡೆಯಿಂದ ಈ ಊರಿಗೆ ಬಂದವಳು. ಗಂಡ ಸತ್ತ ಮೇಲೂ ಮಂದಿಯ ಕಾರ್ಖಾನೆಯಲ್ಲಿ ನೂಲು ಸುತ್ತಿ ಮಗನನ್ನು ದೊಡ್ಡವನನ್ನಾಗಿ ಮಾಡಿದ್ದಳು. ಈಗ ಅವಳ ಬೆರಳುಗಳು ಒಳಕ್ಕೆ ಮಡಚಿಕೊಂಡು, ಚಳಿ ಬಿದ್ದರೆ ರೊಟ್ಟಿಯ ತುಂಡು ಮುರಿಯುವುದಕ್ಕೂ ಏಳುತ್ತಿರಲಿಲ್ಲ. ತಗಡಿನ ಮಾಡಿನ ಬಾಡಿಗೆ ಖೋಲಿಯಲ್ಲಿ ಡಿಸೆಂಬರು ಜನವರಿ ಬಂತೆಂದರೆ ಮುದುಕಿ ರಾತ್ರಿಯೆಲ್ಲ ನರಳುತ್ತಿದ್ದಳು.

ಬಸವಣ್ಣೆಪ್ಪನ ಮನೆ ಬಟ್ಟೆ ಪ್ರೊಸೆಸ್ ಮಾಡುವ ಕಾರ್ಖಾನೆಯೊಂದರ ಎರಡು ಶೆಡ್ಡುಗಳ ನಡುವೆ ಸಿಕ್ಕಿಕೊಂಡಿತ್ತು. ಎರಡೂ ಶೆಡ್ಡಿನ ಜಾಗ ಹಿಂದೆ ಅವನದೇ. ಕಾರ್ಖಾನೆಯವನು ಎಡಗಡೆಯ ಶೆಡ್ಡಿನಲ್ಲಿ ದೊಡ್ಡದೊಂದು ಒಲೆ ಹೂಡಿ ಅದರಲ್ಲಿ ಎಣ್ಣೆ ಕಾಯಿಸುತ್ತಿದ್ದ. ಆ ಕಾದ ಎಣ್ಣೆ ಪೈಪಿನಲ್ಲಿ ಹರಿದು ಬಲಗಡೆಯ ಶೆಡ್ಡಿನಲ್ಲಿ ಬಟ್ಟೆ ಒಣಗಿಸುವ ಯಂತ್ರಕ್ಕೆ ಬಿಸಿ ಕೊಟ್ಟು ಮತ್ತೆ ತಿರುಗಿ ಬರುತ್ತಿತ್ತು. ಪೈಪು ಹಾಯಬೇಕಾದದ್ದು ಮನೆಯ ಹಿಂದಿನ ಗೋಡೆಯೊಳಗಿಂದ. ಅದಕ್ಕೆ ಒಪ್ಪಿಕೊಂಡದ್ದಕ್ಕಾಗಿ ಬಸವಣ್ಣೆಪ್ಪ ಒಂದು ಕವಲು ಪೈಪನ್ನು ತನ್ನ ಬಚ್ಚಲಿನ ನೀರಿನ ಟಾಕಿಗೆ ಹಾಕಿಸಿಕೊಂಡಿದ್ದ.

"ಗ್ಯಾಸ್ ಬ್ಯಾಡ, ಗೀಜರ್ ಬ್ಯಾಡ, ಕಟಗಿ ಬ್ಯಾಡ," ಎನ್ನುತ್ತ ಅವನು ಬಚ್ಚಲಿನ ನಳ ತಿರುವಿದ. ಹಬೆಯಾಡುವ ನೀರು ಬಕೆಟ್ಟಿಗೆ ಧುಮುಕಿತು. "ಹಗಲಿ ರಾತ್ರಿ ಬಿಸಿನೀರು. ಕೊಲ್ಲಾಪುರದಾಗ ದೊಡ್ಡ ಹೊಟೇಲಿನ್ಯಾಗೂ ಹಿಂತಾ ಸವಲತ್ತು ಸಿಗಂಗಿಲ್ಲ. ಈ ಗ್ವಾಡಿ ಮುಟ್ಟಿ ನೋಡ್ರಿ."

ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಗಟ್ಟಿ ದನಿ. ಅವನು ಹೇಳಿದರೆ ಹೌದೆನ್ನಬೇಕು, ಹಾಗಿತ್ತು ಆಳು. ಫಕೀರವ್ವ ಹಿಂದಿನ ಕೋಣೆಗೆ ಹೋಗಿ ಗೋಡೆಗೆ ಅಂಗೈ ಹಚ್ಚಿದಳು. ಆಮೇಲೆ ಇನ್ನೊಂದು ಕೈ. ಆಮೇಲೆ ಮೆಲ್ಲಗೆ ಕುಸಿದು ಕೂತು ಬೆನ್ನನ್ನು ಗೋಡೆಗೆ ಆನಿಸಿ ಕಣ್ಣು ಮುಚ್ಚಿದಳು. ಮುಖದ ಗೆರೆಗಳು ಒಂದೊಂದಾಗಿ ಸಡಿಲಾದವು.

"ಸುಮಿತಾ," ಅಂದಳು ಕಣ್ಣು ತೆರೆಯದೆ, "ನನ್ನ ಇಲ್ಲೇ ಬಿಟ್ಟ ಹೋಗ್ರಿ. ನೀವು ಸಾಮಾನ ತಗೊಂಡ ಸಾವಕಾಶ ಬರ್ರಿ."

ಎಲ್ಲರೂ ನಕ್ಕರು. ಚಹಾ ತಂದ ಬಸವಣ್ಣೆಪ್ಪನ ಹೆಂಡತಿ ಸುಶೀಲಾಬಾಯಿ ಮಾತ್ರ ನಗಲಿಲ್ಲ. ಮಣಿಕಟ್ಟಿನವರೆಗೆ ತೋಳಿದ್ದ ಕುಪ್ಪಸ ತೊಟ್ಟ ಆ ಹೆಂಗಸು ಕೋಣೆಯ ಹೊಸ್ತಿಲ ಬಳಿಯೇ ನಿಂತು ಚಹಾದ ತಾಟನ್ನು ವೃಷಾಲಿಯ ಕೈಗೆ ಕೊಟ್ಟು ಹಿಂದೆ ಸರಿದಳು.

ಬೆಲೆ ಅವರ ಕೈಗೆ ಎಟುಕುವಷ್ಟಿತ್ತು. ಯಾಕೆ ಇಷ್ಟು ಅಗ್ಗ ಎಂದು ಸುಮಿತ ಕೇಳಿಯೂ ಕೇಳಿದ. "ಮಗಾ ಅಭಯ ಗಡಹಿಂಗ್ಲಜದಾಗ ಮೆಣಸಿನಕಾಯಿ ಅಡತಿ ಇಟ್ಟಾನ. ನಾವೂ ಅಲ್ಲೇ ಹೋಗಬೇಕು. ಲಾಭಾ ನೋಡಾಕತ್ತಿಲ್ಲ ನಾ, ಛಲೋ ಮಂದಿ ನೋಡಾಕತ್ತೇನಿ," ಎಂದ ಬಸವಣ್ಣೆಪ್ಪ. ಮುಂದಿನ ರವಿವಾರ ಸಂಚಕಾರದ ಹಣ ಕೊಟ್ಟು ಮಾತು ಗಟ್ಟಿ ಮಾಡುವುದೆಂದು ಸುಮಿತ ಅಲ್ಲೇ ಒಪ್ಪಿಕೊಂಡ. ದಾರಿಯುದ್ದಕ್ಕೂ ಫಕೀರವ್ವ ಯಾವ ಮೂಲೆಯಲ್ಲಿ ತನ್ನ ಹಾಸಿಗೆ ಎಂಬುದನ್ನೇ ಮಾತಾಡಿದಳು. ವೃಷಾಲಿಗೂ ಬೇಡವೆನ್ನಲು ಕಾರಣವಿರಲಿಲ್ಲ. ಮದುವೆಯಾದಾಗಿನಿಂದ ಅವಳು ನಸುಕಿನಲ್ಲೆದ್ದು ಸ್ಟೋವಿನ ಮೇಲೆ ಮೂವರಿಗೆ ನೀರು ಕಾಯಿಸುತ್ತ ಬಂದಿದ್ದಳು.

ನಡುವೆ ಒಂದು ದಿನ, ಅತ್ತೆಯ ಮಂಚ ಹಿಂದಿನ ಕೋಣೆಯ ಬಾಗಿಲಲ್ಲಿ ಹಾಯುತ್ತದೋ ಇಲ್ಲವೋ ಅಳೆದು ಬರೋಣವೆಂದು ವೃಷಾಲಿ ಗೋದಾಮಿನಿಂದ ನೇರ ಆ ಮನೆಗೆ ಹೋದಳು. ಬಸವಣ್ಣೆಪ್ಪ ಕೊಲ್ಲಾಪುರಕ್ಕೆ ಹೋಗಿದ್ದ. ಸುಶೀಲಾಬಾಯಿ ಒಬ್ಬಳೇ ಇದ್ದಳು. ವೃಷಾಲಿ ಅಳತೆಯ ಪಟ್ಟಿ ಬಿಚ್ಚಿ ಬಾಗಿಲ ಬಳಿ ಬಗ್ಗಿದಾಗ ಆಕೆ ಹಿಂದಿನಿಂದ ಕೇಳಿದಳು:

"ನಿನಗ ಮಕ್ಕಳೆಷ್ಟವಾ?"

"ಇನ್ನೂ ಇಲ್ರಿ ಕಾಕೂ. ಈ ಮನಿಗೆ ಬಂದ ಮ್ಯಾಲೆ ನೋಡೂಣು ಅಂತ."

ಸುಶೀಲಾಬಾಯಿ ಹೋಗಿ ಮುಂಬಾಗಿಲು ಹಾಕಿಕೊಂಡು ಬಂದಳು. ವೃಷಾಲಿಯನ್ನು ಮುಂದಿನ ಕೋಣೆಗೆ ಕರೆದು ಚಾಪೆಯ ಮೇಲೆ ಕೂಡಿಸಿ, ಎಡಗೈಯ ಕುಪ್ಪಸದ ಗುಂಡಿ ಬಿಚ್ಚಿ ತೋಳನ್ನು ಭುಜದವರೆಗೆ ಸರಿಸಿದಳು. ಭುಜದಿಂದ ಮೊಳಕೈಯ ಕೆಳಗಿನವರೆಗೆ ಚರ್ಮ ಚರ್ಮದಂತಿರಲಿಲ್ಲ. ಕರಗಿ ಹೆಪ್ಪುಗಟ್ಟಿದ ಮೇಣದ ಹಾಗೆ ಗಂಟುಗಂಟಾಗಿ, ಕೆಲವು ಕಡೆ ಬಿಳಿ, ಕೆಲವು ಕಡೆ ಕಪ್ಪು. ಮೊಳಕೈ ಪೂರ್ತಿ ನೇರವಾಗುತ್ತಿರಲಿಲ್ಲ.

"ಬಚ್ಚಲದಾಗ ಆ ಪೈಪಿಂದು ಜೋಡಣಿ ಬಿಟ್ಟು ಹ್ವಾತು," ಅಂದಳು. "ನಾ ಜಳಕಕ್ಕ ಕುಂತಿದ್ದೆ. ನೀರಲ್ಲವಾ ಅದು. ನೀರಾದ್ರ ಸುಟ್ಟು ಇಳದ ಹೋಗತೈತಿ. ಎಣ್ಣಿ ಮೈಗೆ ಹತಗೊಂಡ ಬಿಡತೈತಿ. ಕೊಲ್ಲಾಪುರದ ದವಾಖಾನ್ಯಾಗ ಇದ್ದೆ ಭಾಳ ದಿನಾ. ಮಂದಿಗೆ ನಮ್ಮವರು ಏನ ಹೇಳ್ಯಾರ ಗೊತ್ತೇನು? ಕರಚಿಕಾಯಿ ಕರೀವಾಗ ಬಾಣಲಿ ಉರುಳಿತು ಅಂತ. ಮನಿ ಮಾರಬೇಕಲ್ಲಾ."

ವೃಷಾಲಿ ಅಳತೆಯ ಪಟ್ಟಿಯನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡಳು. "ಆ ಪೈಪ ಕಡದ ಹಾಕಸಾಕ ಬರಂಗಿಲ್ಲೇನ್ರಿ?"

"ಹೆಂಗ ಬರತೈತಿ? ಬಚ್ಚಲದ್ದು ಬೇಕಾದ್ರ ಕಡಸಬಹುದು. ಗ್ವಾಡ್ಯಾಗಿನ ದೊಡ್ಡದು? ಆ ಕಡೆ ಮಶೀನ್ ಇರೂತನಕ ಇಲ್ಲಿಂದನ ಹಾಯಬೇಕಂತ ಜಾಗಾ ಮಾರುವಾಗ ಬರದ ಕೊಟ್ಟಾರ. ಯಾರ ಕೊಂಡರೂ ಅದು ಅವರ ಕೊಳ್ಳಿಗೆ. ಬಂದ್ ಮಾಡೂ ಚಕ್ರ ಅವರ ಶೆಡ್ಡಿನ್ಯಾಗ ಐತಿ. ಬ್ಯಾಸಿಗ್ಯಾಗ ನಾವು ಒಳಗ ಮಕ್ಕೊಳ್ಳಂಗಿಲ್ಲ. ದೇವರಿಗೆ ಏರಿಸಿದ ಹೂವು ತಾಸಿನ್ಯಾಗ ಬಾಡಿ ಕರ್ರಗ ಆಗತಾವ. ಕೆಮ್ಮಂತೂ ಮನ್ಯಾಗಿನ ಮನಷ್ಯಾನ ಆಗೇತಿ."

"ಮತ್ತ ನನಗ್ಯಾಕ ಹೇಳಿದ್ರಿ ಕಾಕೂ? ನಾವು ಬ್ಯಾಡ ಅಂದ್ರ ನೀವು ಇಲ್ಲೇ ಉಳೀತೀರಿ."

ಸುಶೀಲಾಬಾಯಿ ಕುಪ್ಪಸದ ಗುಂಡಿ ಹಾಕಿಕೊಂಡಳು. "ಇಲ್ಲಿಂದ ಹೋಗೂದು ನನಗ ಎಷ್ಟ ಬೇಕಾಗೇತಿ ಅಂತ ನಿನಗ ಗೊತ್ತಿಲ್ಲ. ಹೇಳಬಾರದು ಅಂತನ ಇದ್ದೆ. ಮೊನ್ನೆ ನಿಮ್ಮತ್ತಿ ಆ ಗ್ವಾಡಿಗೆ ಬೆನ್ನ ಹಚ್ಚಿ ಕುಂತ್ಲು ನೋಡು, ನನ್ನ ಎದಿ ಧಸಕ್ಕಂತು. ಅವತ್ತಿಂದ ಅನ್ನ ಇಳೀವಲ್ದು. ನೋಡವಾ, ಮನಿ ಬ್ಯಾಡ ಅನ್ರಿ. ಕಾರಣಾ ಏನರ ಹೇಳ್ರಿ. ನನ್ನ ಹೆಸರ ಮಾತ್ರ ಎತ್ತಬ್ಯಾಡ್ರಿ."

ವೃಷಾಲಿ ಅವಳ ಕಾಲು ಮುಟ್ಟಿ ಆಣೆ ಮಾಡಿದಳು.

ಆದರೆ ಗಂಡನಿಗೆ ಹೇಳದೆ ಇರುವಂತಿರಲಿಲ್ಲ. ಮನೆ ಬೇಡ ಎಂದು ಇಬ್ಬರೂ ನಿರ್ಧರಿಸಿದರು. ಬ್ಯಾಂಕಿನವರು ಸಾಲ ಕೊಡಲಿಲ್ಲ ಎಂದು ಹೇಳುವುದು, ಬೇರೇನೂ ಆಡುವುದಲ್ಲ ಎಂದು ಮಾತಾಯಿತು. ಫಕೀರವ್ವನಿಗೂ ಅದನ್ನೇ ಹೇಳಿದರು. ಮುದುಕಿ ಕಂಬಳಿ ತಲೆಯ ಮೇಲೆ ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು.

ರವಿವಾರ ಸುಮಿತ ಫೋನಿನಲ್ಲಿ ಸಂಗತಿ ಹೇಳಿದ್ದೇ ತಡ, ಬಸವಣ್ಣೆಪ್ಪ ತಾನೇ ಇಚಲಕರಂಜಿಯ ಆ ಖೋಲಿಗೆ ಬಂದ. ಬಾಗಿಲಲ್ಲೇ ನಿಂತ. ಕೂಡಿರಿ ಎಂದರೂ ಕೂಡಲಿಲ್ಲ. ಅಕ್ಕಪಕ್ಕದ ಖೋಲಿಯವರೂ ಹೊರಗೆ ಬಂದು ನಿಂತರು.

"ನಿಮ್ಮ ಸಲುವಾಗಿ ಮೂರ ಮಂದಿಗೆ ಇಲ್ಲ ಅಂದೇನಿ," ಎಂದ. "ಬ್ಯಾಂಕಿನ ಕತಿ ನನಗ ಹೇಳಬ್ಯಾಡ್ರಿ. ಬ್ಯಾಂಕಿನ ಸಾಹೇಬ ನನ್ನ ಗುರ್ತಿನಾಂವ. ಕೊಟ್ಟ ಶಬ್ದಾ ಅಂದ್ರ ಏನು ಅಂತ ಗೊತ್ತೈತೇನು ನಿಮಗ? ಬಾಡಿಗಿ ಖೋಲಿ ಮಂದಿಗೆ ಮನಿ ತೋರಿಸಿದ್ದು ನಂದ ತಪ್ಪು. ನಿಮ್ಮ ನಾಲಿಗಿಗೆ ಎಲುಬಿಲ್ಲ."

"ಕಾಕಾ, ಮಾತು ನೋಡಿ ಆಡ್ರಿ," ಎಂದ ಸುಮಿತ.

"ಏನ ನೋಡೂದು? ನಿಮ್ಮಪ್ಪನೂ ಹಿಂಗನ ಮಂದಿಗೆ ಮಾತು ಕೊಟ್ಟು ತಿರಗಿದಾಂವ ಇರಬೇಕು."

ಅಪ್ಪನ ಹೆಸರು ಬಂದದ್ದೇ ಸುಮಿತನ ಮೈಯೆಲ್ಲ ಉರಿದುಹೋಯಿತು. ವೃಷಾಲಿ ಅವನ ಅಂಗಿ ಹಿಡಿದು ಎಳೆಯುವಷ್ಟರಲ್ಲಿ ಮಾತು ಹೊರಬಿದ್ದಿತ್ತು. "ನಮ್ಮ ನಾಲಿಗಿ ಇರ್ಲಿ. ಮೊದಲ ನಿಮ್ಮ ಮನ್ಯಾಗಿನವರ ತೋಳ ನೋಡ್ರಿ ಹೋಗ್ರಿ!"

ಬಸವಣ್ಣೆಪ್ಪ ಅಲುಗಾಡಲಿಲ್ಲ. ಸುಮಿತನನ್ನು ನೋಡಲೇ ಇಲ್ಲ. ವೃಷಾಲಿಯನ್ನು ನೋಡಿದ, ಅಳೆದಂತೆ, ಮೇಲಿನಿಂದ ಕೆಳಗಿನವರೆಗೆ. ನಂತರ "ಹಂಗೋ" ಎಂದು ಹೊರಟುಹೋದ.

"ಏನ ಮಾಡಿದ್ರಿ ನೀವು!" ಎಂದು ವೃಷಾಲಿ ಅಳಲು ಕುಳಿತಳು. ಸುಮಿತನಿಗೆ ಆಗ ಅರಿವಾಯಿತು. ಅರಿವಾಗಿ ಏನು ಬಂತು? ತಲೆ ತಗ್ಗಿಸಿ ಕಾರ್ಖಾನೆಗೆ ಹೋದ.

ಈಗ ಫಕೀರವ್ವನಿಗೂ ಎಲ್ಲ ಹೇಳಬೇಕಾಯಿತು. ಅವಳು ಸುಟ್ಟ ತೋಳಿನ ಕತೆಯನ್ನು ಕೊನೆಯವರೆಗೂ ಕೇಳಿದಳು.

"ಒಮ್ಮೆ ಸುಟ್ಟೈತಿ, ರಿಪೇರಿ ಮಾಡ್ಯಾರ," ಎಂದಳು. "ನನ್ನ ಕೈ ನೋಡು. ಇವು ದಿನಾ ಸುಡತಾವ, ಥಂಡೀಲೆ. ಇವನ್ನ ಯಾರ ಮುಂದ ಬಿಚ್ಚಿ ತೋರಸ್ಲಿ? ನೀ ವಯಸ್ಸಿನಾಕಿ, ನಿನಗ ಖರೇ ಸುಳ್ಳ ಎಲ್ಲಾ ಬೇಕು. ನಿನ್ನ ಖರೇದ್ದು ಹೊಚಗೊಂಡ ಮಕ್ಕೊಳ್ಳಲೇನು ನಾ?"

ಅಂದಿನಿಂದ ಮುದುಕಿ ಸೊಸೆಯ ಕೈಯಿಂದ ಬಿಸಿನೀರು ಇಸಿದುಕೊಳ್ಳುವುದನ್ನು ಬಿಟ್ಟಳು. ಮಗ ಕೊಟ್ಟರೆ ಜಳಕ, ಇಲ್ಲದಿದ್ದರೆ ಇಲ್ಲ.

ಮಹಾಶಿವರಾತ್ರಿ ಕಳೆದ ಮೇಲೆ ವೃಷಾಲಿ ಧೈರ್ಯ ಮಾಡಿ ಕಬನೂರಕ್ಕೆ ಹೋದಳು. ಸುಶೀಲಾಬಾಯಿ ಗೇಟಿನ ಒಳಗೆ ನಿಂತಳು, ಇವಳು ಹೊರಗೆ. ಗೇಟು ತೆರೆಯಲಿಲ್ಲ.

"ಅವರು ಗಡಹಿಂಗ್ಲಜಕ್ಕ ಹ್ವಾದ್ರು," ಎಂದಳು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ. ಏನೂ ಇರಲಿಲ್ಲ. "'ಗಿರಾಕಿ ಓಡಸಾಕಿ ನೀನ ಅಲ್ಲಾ, ಹಂಗಾದ್ರ ನೀನ ಈ ಮನ್ಯಾಗ ಇರು. ಬಂದವರಿಗೆ ನೀನ ತೋರಸು. ಮಾರಾಟ ಆದ ದಿನಾ ಬಂದ ಕರಕೊಂಡ ಹೋಗತೇನಿ' ಅಂದ್ರು. ಅಷ್ಟ ಕಡೀ ಮಾತು. ಆ ಮ್ಯಾಲೆ ಬಾಯಿ ಬಿಟ್ಟಿಲ್ಲ."

"ಅಭಯಣ್ಣಾರು ಏನೂ ಅನ್ನಲಿಲ್ಲೇನ್ರಿ?"

"ಕಿರಾಣಿ ಕಳಸತಾನ. ಅಪ್ಪನ ಮುಂದ ಅವನರ ಏನ ಮಾತಾಡ್ಯಾನು."

"ಕಾಕೂ, ನಮ್ಮ ಮನಿಗೆ ಬರ್ರಿ. ಬ್ಯಾಸಿಗಿ ಕಳೀತನಕ."

ಸುಶೀಲಾಬಾಯಿ ಮೊದಲ ಸಲ ನಕ್ಕಳು. ಬಸವಣ್ಣೆಪ್ಪನ ಹೆಂಡತಿ ಮಗ್ಗದವರ ಬಾಡಿಗೆ ಖೋಲಿಗೆ ಹೋಗಿ ಇರುವುದು ಎಂಬ ಮಾತಿಗೆ ಬಂದ ನಗು ಅದು. "ಇನ್ನ ಬರಬ್ಯಾಡವಾ ನೀ," ಎಂದು ಒಳಗೆ ಹೋದಳು.

ಆ ಬೇಸಿಗೆ ಇಚಲಕರಂಜಿಯ ಬೀದಿಗಳಲ್ಲಿ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಆ ಮನೆಯ ಅಂಗಳದಲ್ಲಿ ಒಬ್ಬಂಟಿ ಹೆಂಗಸು ಚಾಪೆ ಹಾಸಿಕೊಂಡು ಮಲಗುತ್ತಾಳೆ, ಹಗಲೆಲ್ಲ ಬೇವಿನ ಗಿಡದ ಕೆಳಗೆ ಕೂತಿರುತ್ತಾಳೆ, ತಲೆ ಕೆಟ್ಟಿರಬೇಕು ಎಂದು ಗೋದಾಮಿನಲ್ಲಿ ಕಬನೂರದ ಹೆಂಗಸೊಬ್ಬಳು ಹೇಳಿದಳು. ವೃಷಾಲಿ ಕೇಳಿಸಿಕೊಂಡು ಚಿಮಟದಿಂದ ಮುಂದಿನ ಗಂಟು ಕಿತ್ತಳು.

ಮಳೆ ಶುರುವಾದಾಗ ಗೋದಾಮಿಗೆ ಪೂನಮ ಎಂಬ ಹುಡುಗಿ ಹೊಸದಾಗಿ ಕೆಲಸಕ್ಕೆ ಬಂದಳು. ವೃಷಾಲಿಯ ಮೇಜಿಗೇ ಅವಳನ್ನು ಕೂಡಿಸಿದರು. ತಾಯಿಯ ಕಡೆಯಿಂದ ಕನ್ನಡ ಬರುತ್ತಿತ್ತು, ಗಂಡ ನಿಲೇಶ ಮರಾಠಿಯವನು, ಟೆಂಪೋ ಓಡಿಸುತ್ತಿದ್ದ. ಅವಳಿಗೆ ನಾಲ್ಕು ತಿಂಗಳು. ಊಟದ ಡಬ್ಬಿಯನ್ನು ಹಂಚಿಕೊಂಡು ಇಬ್ಬರೂ ಅಕ್ಕತಂಗಿಯರಂತಾದರು. ಒಂದು ಮಧ್ಯಾಹ್ನ ಅವಳು ಕಣ್ಣರಳಿಸಿ ಹೇಳಿದಳು: "ಅಕ್ಕಾ, ಮನಿ ನೋಡೇವಿ. ಕಬನೂರದಾಗ. ಗ್ವಾಡಿ ಸೈತ ಬಿಸಿ ಇರತಾವ ಆ ಮನೀದು. ಇಂಥಾ ಮಳ್ಯಾಗ ಕೂಸಿನ ಅರಬಿ ತಾಸಿನ್ಯಾಗ ಒಣಗತಾವಂತ."

ವೃಷಾಲಿ ತನ್ನ ಡಬ್ಬಿಯ ಮುಚ್ಚಳ ಹಾಕಿದಳು. ಎರಡು ದಿನ ಅವಳು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಆ ಹೆಂಗಸು ಇನ್ನೊಂದು ಬೇಸಿಗೆಯನ್ನು ಅಂಗಳದಲ್ಲಿ ಕಳೆಯಬೇಕು. ಬಿಡದಿದ್ದರೆ ಈ ಹುಡುಗಿ ತನ್ನ ಕೂಸನ್ನು ಆ ಬಚ್ಚಲಿಗೆ ಒಯ್ಯುತ್ತಾಳೆ. ಸುಮಿತನನ್ನು ಕೇಳಿದಳು. "ನನ್ನ ಕೇಳಬ್ಯಾಡ. ನಾ ಒಮ್ಮೆ ಮಾತಾಡಿ ನೋಡೇನಿ," ಎಂದ ಅವನು. ಮೂರನೆಯ ದಿನ ಪೂನಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು "ಒದೀತು ಅಕ್ಕಾ, ಈಗ, ಖರೇನ ಒದೀತು" ಎಂದು ನಕ್ಕಾಗ ವೃಷಾಲಿ ಎಲ್ಲವನ್ನೂ ಹೇಳಿಬಿಟ್ಟಳು.

ಪೂನಮ ನಂಬಿದಳು. ಆದರೆ ನಿಲೇಶ ನಂಬಲಿಲ್ಲ. ಅವನು ಕೆಟ್ಟವನಲ್ಲ. ಕೇಳಿದ ಮಾತನ್ನು ಎದುರಿಗೇ ಇತ್ಯರ್ಥ ಮಾಡಬೇಕೆನ್ನುವ ಮನುಷ್ಯ. ಸಂಚಕಾರ ಕೊಡುವ ದಿನ ಬಸವಣ್ಣೆಪ್ಪ ಗಡಹಿಂಗ್ಲಜದಿಂದ ಬಂದಿದ್ದ. ನಿಲೇಶ ಹೆಂಡತಿಯನ್ನೂ ವೃಷಾಲಿಯನ್ನೂ ಟೆಂಪೋದಲ್ಲಿ ಕೂಡಿಸಿಕೊಂಡು ನೇರ ಆ ಮನೆಗೆ ಒಯ್ದ. ಹೊರಗೆ ಜಿಟಿಜಿಟಿ ಮಳೆ. ಮನೆಯೊಳಗೆ ಹಿತವಾಗಿತ್ತು.

"ಕಾಕೂ, ಖರಂ ಸಾಂಗಾ," ಎಂದು ನಿಲೇಶ ಮರಾಠಿಯಲ್ಲಿ ಶುರುಮಾಡಿ, ತನಗೆ ಬರುವ ಕನ್ನಡಕ್ಕೆ ಹೊರಳಿದ. "ನೀವು ಖರೇ ಹೇಳ್ರಿ. ಈ ಅಕ್ಕಾ ಹೇಳತಾಳ, ಇಲ್ಲಿ ಎಣ್ಣಿ ಸಿಡದ ನಿಮ್ಮ ಕೈ ಸುಟ್ಟೈತಿ ಅಂತ. ಹೌದೇನು?"

ಬಸವಣ್ಣೆಪ್ಪ ಖುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಹೆಂಡತಿಯ ಕಡೆ ತಿರುಗಲಿಲ್ಲ. ಹೊರಗೆ ಮಳೆಯನ್ನು ನೋಡುತ್ತಿದ್ದ.

ಸುಶೀಲಾಬಾಯಿ ಬಹಳ ಸೊರಗಿದ್ದಳು. ಅವಳು ಮೊದಲು ಪೂನಮಳ ಹೊಟ್ಟೆಯನ್ನು ನೋಡಿದಳು. ಆಮೇಲೆ ವೃಷಾಲಿಯ ಮುಖವನ್ನು. ಕೋಣೆಯ ಮೂಲೆಯಲ್ಲಿ ಅವಳ ಟ್ರಂಕು, ಎರಡು ಚೀಲ, ಗಂಟು ಕಟ್ಟಿದ ಹಾಸಿಗೆ ಸಿದ್ಧವಾಗಿ ಕೂತಿದ್ದವು.

"ಕರಚಿಕಾಯಿ ಕರೀವಾಗ ಬಾಣಲಿ ಉರುಳಿತು," ಎಂದಳು. "ನಂದ ತಪ್ಪು."

"ಮತ್ತ ಈ ಅಕ್ಕಾ ಹೇಳಿದ್ದು?"

"ಈಕಿಗೆ ನಾ ಏನೂ ಹೇಳಿಲ್ಲ. ಇವರಿಗೂ ಮನಿ ಬೇಕಾಗಿತ್ತು. ದಕ್ಕಲಿಲ್ಲ."

ಪೂನಮ ತಿರುಗಿ ವೃಷಾಲಿಯನ್ನು ನೋಡಿದಳು. ವೃಷಾಲಿಗೆ ಹೇಳಲು ಮಾತಿತ್ತು. ತೋಳು ತೆಗೆದು ತೋರಿಸಿ, ಬಾಣಲೆಯ ಎಣ್ಣೆ ಭುಜದ ಮೇಲಕ್ಕೆ ಹೇಗೆ ಹೋಯಿತು ಹೇಳಿ, ಎಂದು ಕೇಳಬಹುದಿತ್ತು. ಸುಶೀಲಾಬಾಯಿಯ ಕಣ್ಣುಗಳು ಅವಳ ಮೇಲೆಯೇ ಇದ್ದವು. ಬೇಡಿಕೊಳ್ಳುತ್ತಿರಲಿಲ್ಲ, ಹೆದರಿಯೂ ಇರಲಿಲ್ಲ. ದಣಿದಿದ್ದವು, ಅಷ್ಟೆ. ಆ ಟ್ರಂಕನ್ನು ಮತ್ತೆ ಬಿಚ್ಚಿಸುವ ಮಾತು ವೃಷಾಲಿಯ ನಾಲಿಗೆಯ ತನಕ ಬಂದು ಅಲ್ಲೇ ಸತ್ತಿತು. ಅವಳು ಹೊರಗೆ ನಡೆದು ಮಳೆಯಲ್ಲೇ ಇಚಲಕರಂಜಿಯ ದಾರಿ ಹಿಡಿದಳು.

ಒಂದು ವಾರದಲ್ಲಿ ಗೋದಾಮಿನ ತುಂಬ ಮಾತು. ಕಂಡವರ ಮನೆ ನೋಡಿ ಹೊಟ್ಟೆಕಿಚ್ಚು ಪಡುವವಳು, ಬಸುರಿ ಹುಡುಗಿಯನ್ನು ಹೆದರಿಸಿದವಳು. ಪೂನಮ ಬೇರೆ ಮೇಜಿಗೆ ಹೋದಳು. ಶ್ರಾವಣದಲ್ಲಿ ಖರೀದಿ ಮುಗಿದು ಅವರು ಆ ಮನೆಗೆ ಕಾಲಿಟ್ಟರು. ಗೃಹಶಾಂತಿಗೆ ಗೋದಾಮಿನ ಎಲ್ಲರನ್ನೂ ಕರೆದರು, ವೃಷಾಲಿಯೊಬ್ಬಳನ್ನು ಬಿಟ್ಟು. ಯಾರೋ ಹೇಳಿದ ಸುದ್ದಿಯ ಮೇಲೆ ಫಕೀರವ್ವ ಕರೆಯದೆಯೇ ರಿಕ್ಷಾ ಮಾಡಿಕೊಂಡು ಹೋದಳು. ಹೊತ್ತು ಮುಳುಗುವ ಮುಂದೆ ತಿರುಗಿ ಬಂದವಳು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಲಾಡು ಮಗನ ಕೈಗೆ ಕೊಟ್ಟು, ಸೊಸೆಗೆ ಕೇಳುವಂತೆ ಹೇಳಿದಳು:

"ಎಷ್ಟ ಮಂದಿ ಕುಂತಿದ್ರು ಆ ಗ್ವಾಡಿಗೆ ಹೊಂದಿ. ಯಾರಿಗೂ ಏನೂ ಆಗಲಿಲ್ಲ."

ಚಳಿಗಾಲದಲ್ಲಿ ಚಿಕ್ಕಪ್ಪನ ಮಗಳ ನಿಶ್ಚಯಕ್ಕೆಂದು ವೃಷಾಲಿ ಗಡಹಿಂಗ್ಲಜಕ್ಕೆ ಹೋದಳು. ನಿಶ್ಚಯದ ಅಡುಗೆಯ ಮಸಾಲೆಗೆ ಮೆಣಸಿನಕಾಯಿ ತರಲು ಕಳಿಸಿದರು. ಬೇರೆ ಅಂಗಡಿಗಳಿದ್ದವು. ಕಾಲುಗಳು ಅವಳನ್ನು ಅಭಯನ ಅಡತಿಗೇ ಒಯ್ದವು. ಗಾದಿಯ ಮೇಲೆ ಬಸವಣ್ಣೆಪ್ಪ. ಹಿಂದೆ, ಕೆಂಪು ರಾಶಿಯ ಮಗ್ಗುಲಲ್ಲಿ, ತೊಟ್ಟು ಮುರಿಯುತ್ತ ಕೂತಿದ್ದ ನಾಲ್ಕಾರು ಹೆಂಗಸರ ನಡುವೆ ಸುಶೀಲಾಬಾಯಿ.

ವೃಷಾಲಿಯನ್ನು ಕಂಡು ಆಕೆಯ ಕೈ ನಿಂತಿತು. "ಬಾರವಾ," ಎಂದು ಪಕ್ಕದ ಖಾಲಿ ಚೀಲ ಹಾಸಿದಳು. ಮೆಣಸಿನ ಘಾಟಿಗೋ ಏನೋ ಕಣ್ಣುಗಳಲ್ಲಿ ನೀರಾಡುತ್ತಿತ್ತು.

"ಆ ಹುಡಿಗಿ ಹಡದ್ಲೇನು?"

"ಹಡದ್ಲು. ಗಂಡು."

"ಆರಾಮ ಐತೇನು?"

"ಐತಿ."

"ಸೊಸಿ ರುತುಜಾ ಛಲೋ ನೋಡಿಕೋತಾಳ ನನ್ನ," ಎಂದಳು ಸುಶೀಲಾಬಾಯಿ, ಕೇಳದೆಯೇ. "ಥಂಡ ಗ್ವಾಡಿ ಅದಾವ ಇಲ್ಲಿ. ನಿದ್ದಿ ಬರತೈತಿ." ಆಮೇಲೆ ದನಿ ಇಳಿಸಿ, "ಅವತ್ತ ನಾ..." ಎಂದು ತೊಡಗಿದಳು.

ಗಾದಿಯ ಮೇಲಿನಿಂದ ಬಸವಣ್ಣೆಪ್ಪ ಆಳಿಗೆ ಹೇಳಿದ: "ಏ, ಒಳಗ ಕುಂತವರಿಗೆ ಹೇಳು, ಕೈ ನಡೀಲಿ ಅಂತ." ಹೆಂಡತಿಯ ಜೊತೆ ಈಗಲೂ ಅವನು ನೇರ ಮಾತಾಡುತ್ತಿರಲಿಲ್ಲ. ಸುಶೀಲಾಬಾಯಿ ಬಾಯಿ ಮುಚ್ಚಿಕೊಂಡು ಇನ್ನೊಂದು ತೊಟ್ಟು ಮುರಿದಳು. ವೃಷಾಲಿ ಎದ್ದಾಗ ಎರಡು ಬೊಗಸೆ ಮೆಣಸಿನಕಾಯಿಯನ್ನು ಅವಳ ಚೀಲಕ್ಕೆ ಹೆಚ್ಚಿಗೆ ಹಾಕಲು ಬಂದಳು.

"ತೂಕದಷ್ಟ ಸಾಕ್ರಿ," ಎಂದು ವೃಷಾಲಿ ಚೀಲದ ಬಾಯಿ ಮುಚ್ಚಿದಳು. ಬಸ್ಸು ಹತ್ತಿದ ಮೇಲೆ, ಅಷ್ಟು ಬಿರುಸಾಗಿ ಹೇಳಬಾರದಿತ್ತು ಅನ್ನಿಸಿತು. ಹೇಳಿದ್ದೇ ಸರಿ ಎಂದೂ ಅನ್ನಿಸಿತು.

ಏಪ್ರಿಲಿನಲ್ಲಿ ಪೂನಮ ಮತ್ತೆ ಗೋದಾಮಿಗೆ ಬಂದಳು. ಮೈ ಇಳಿದಿತ್ತು. ಮಾತಿನ ನಡುನಡುವೆ ಕೆಮ್ಮುತ್ತಿದ್ದಳು. ಬಹಳ ದಿನ ದೂರದ ಮೇಜಿನಲ್ಲೇ ಕೂತವಳು ಒಂದು ಮಧ್ಯಾಹ್ನ ಡಬ್ಬಿ ಹಿಡಿದು ವೃಷಾಲಿಯ ಎದುರು ಬಂದು ಕೂತಳು. ಡಬ್ಬಿ ತೆರೆಯಲಿಲ್ಲ.

"ಕೂಸಿನ ಮೈತುಂಬ ಗುಳ್ಳಿ ಎದ್ದಾವ," ಎಂದಳು. "ಅವ್ವನ ಮನ್ಯಾಗ ಬಿಟ್ಟ ಬಂದೇನಿ. ಮೊನ್ನೆ ಮುಂಜಾನೆ ಬಚ್ಚಲದಾಗ ಎಣ್ಣಿ ಹನಿಯಾಕ ಹತ್ತಿತ್ತು. ಕೂಸಿಗೆ ಎರಿಯಾಕ ಅಂತ ಅಲ್ಲೇ ಪ್ಲಾಸ್ಟಿಕ್ ಬುಟ್ಟಿ ಇಟ್ಟಿದ್ದೆ. ಕೂಸು ಒಂದು ಮೊಳಾ ದೂರ. ಬುಟ್ಟಿ ಕರಗಿ ತೂತ ಬಿತ್ತು." ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಕೇಳಿದಳು, "ಅಕ್ಕಾ, ನೀ ಖರೇನ ನೋಡಿದ್ದೇನು, ಆಕೀ ತೋಳ?"

"ನೋಡಿದ್ದೆ."

"ಮತ್ತ ಅವತ್ತ ಯಾಕ ಸುಮ್ಮನಾದಿ? ಒಂದ ಸಲ ಜಗ್ಗಿ ತೋರಿಸಿದ್ರ ಆಗತಿತ್ತು. ನಾ ಬಸಿರಿದ್ದೆ ಅಕ್ಕಾ."

ವೃಷಾಲಿಯ ಬಳಿ ಉತ್ತರವಿತ್ತು. ಟ್ರಂಕು, ಗಂಟು ಕಟ್ಟಿದ ಹಾಸಿಗೆ, ಆ ಬೇಸಿಗೆಯ ಅಂಗಳ. ಹೇಳಿದರೆ ಅದು ಈ ಹುಡುಗಿಗೆ ಉತ್ತರವಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. "ತಪ್ಪಾತು," ಎಂದಳು.

ಪೂನಮ ತಲೆಯಾಡಿಸಿದಳು. ಸಮಾಧಾನ ಹೇಳಲು ಬಂದವಳಲ್ಲ, ಜಗಳಕ್ಕೂ ಅಲ್ಲ. ಇನ್ನೊಂದು ಕೆಲಸಕ್ಕೆ ಬಂದಿದ್ದಳು. "ನಾವೂ ಮಾರಾಕ ಇಟ್ಟೇವಿ. ಬ್ಯಾಂಕಿನ ಸಾಲ ಕೊಳ್ಳಾಗ ಐತಿ, ಬಿಟ್ಟ ಹೋಗಾಕ ಬರಂಗಿಲ್ಲ. ಮಳಿ ಹತ್ತಿದ ಮ್ಯಾಲೆ ತೋರಸ್ತೇವಿ. ಯಾರರ ಬಂದು ನಿನ್ನ ಕೇಳಿದ್ರ, ಏನೂ ಹೇಳಬ್ಯಾಡ ಅಕ್ಕಾ."

"ಪೂನಮ, ಅವರಿಗೂ ಕೂಸು ಇದ್ರ?"

"ನನ್ನ ಕೂಸು ಐತಿ," ಎಂದಳು ಪೂನಮ.

"ಕೇಳಿದವರಿಗೆ ನಾ ಹೇಳತೇನಿ."

ಪೂನಮ ತೆರೆಯದ ಡಬ್ಬಿಯನ್ನು ಎತ್ತಿಕೊಂಡು ಎದ್ದಳು. "ಹೇಳು ಹಂಗಾದ್ರ. ನಿನ್ನ ಮಾತು ಯಾರ ನಂಬತಾರ ನೋಡೂಣು."

ಆ ವರ್ಷ ಮಳೆ ತಡವಾಗಿ ಹಿಡಿಯಿತು, ಹಿಡಿದ ಮೇಲೆ ಬಿಡಲಿಲ್ಲ. ದಾನೋಳಿಯ ಕಡೆಯ ಒಂದು ಕುಟುಂಬ ಕಬನೂರದ ಆ ಮನೆಯನ್ನು ಕೊಂಡುಕೊಂಡಿತು. ಮುದುಕ ಮುದುಕಿ, ಇಬ್ಬರು ಮಕ್ಕಳು, ಸೊಸೆಯಂದಿರು ಎಂದು ಗೋದಾಮಿನಲ್ಲಿ ಯಾರೋ ಹೇಳಿದರು. ಕೊಳ್ಳುವ ಮುಂಚೆ ಅವರು ಅಕ್ಕಪಕ್ಕದವರನ್ನೂ ಕಾರ್ಖಾನೆಯವರನ್ನೂ ವಿಚಾರಿಸಿದ್ದರಂತೆ. ವೃಷಾಲಿಯನ್ನು ಯಾರೂ ಏನೂ ಕೇಳಲಿಲ್ಲ.